ನೇಪಥ್ಯದ ಭೌತವಿಜ್ಞಾನ

ಉತ್ತರ ಬೆಂಗಳೂರಿನ ಯಲಹಂಕ, ಹೆಬ್ಬಾಳ, ಆರ್.ಟಿ. ನಗರದ ಕಡೆಯ ಸಮುದಾಯ ಭವನಗಳಲ್ಲಿ ನಾಟಕಕ್ಕೆಂದೇ ಅಣಿಮಾಡಿದ ರಂಗವಿರುವುದು ಅಪರೂಪ. ರಾಜ್ಯೋತ್ಸವಕ್ಕೆ ನಾಟಕವಾಡಿಸಬೇಕಾದರೆ ದೀಪ, ಸ್ಟ್ಯಾಂಡು, ಕೇಬಲ್ ಸುರುಳಿ, ಬೆಳಕನ್ನು ಏರಿಳಿಸುವ ಡಿಮ್ಮರ್ ಪೆಟ್ಟಿಗೆ ಎಲ್ಲವೂ ಬಾಡಿಗೆಯ ಟೆಂಪೊದಲ್ಲಿ ಬಂದಿಳಿಯಬೇಕು. ಅವನ್ನು ಜೋಡಿಸುವವರು ಮಾಡುವ ಮೊದಲ ಕೆಲಸ ಕಲೆಯದಲ್ಲ, ಲೆಕ್ಕದ್ದು. ತಲಾ 1000 ವಾಟ್‌ನ ಹತ್ತು ದೀಪಗಳು 230 ವೋಲ್ಟ್‌ನಲ್ಲಿ ಸುಮಾರು 43 ಆಂಪಿಯರ್ ವಿದ್ಯುತ್ ಸೆಳೆಯುತ್ತವೆ. ಗೋಡೆಯ 16 ಆಂಪಿಯರ್ ಸಾಕೆಟ್ ತಾಳುವುದು ಅಂಥ ಮೂರೇ ದೀಪಗಳನ್ನು. ಈ ಲೆಕ್ಕ ತಪ್ಪಿದರೆ ದ್ರೌಪದಿಯ ವಸ್ತ್ರಾಪಹರಣದ ನಡುವೆ ಫ್ಯೂಸ್ ಹೋಗುತ್ತದೆ.

ಬೆಂಗಳೂರಿಗೆ ಶಿವನಸಮುದ್ರದ ವಿದ್ಯುತ್ ಬಂದದ್ದು 1905ರಲ್ಲಿ. ಅದಕ್ಕೂ ಮೊದಲೇ, 1884ರಲ್ಲಿ ಹುಟ್ಟಿದ ಗುಬ್ಬಿ ನಾಟಕ ಕಂಪನಿ ಮುಂದೆ ‘ಕುರುಕ್ಷೇತ್ರ’ ನಾಟಕದಲ್ಲಿ ಆನೆ ಕುದುರೆಗಳನ್ನೇ ರಂಗಕ್ಕೆ ತಂದಿತು. ಇಂಥ ಕಂಪನಿಗಳಲ್ಲಿ ನೇಪಥ್ಯದ ವಿದ್ಯೆ ಕೈಯಿಂದ ಕೈಗೆ ದಾಟುತ್ತಿತ್ತು. ಪರದೆ ಎಳೆಯುವ ಹುಡುಗ ಹಗ್ಗದ ಭಾರವನ್ನು ಅಂಗೈಯಿಂದ ಅರಿಯುತ್ತಿದ್ದನೇ ಹೊರತು ಸೂತ್ರದಿಂದಲ್ಲ.

ಆ ಅರಿವಿನ ಹಿಂದೆ ಎಷ್ಟು ಭೌತವಿಜ್ಞಾನ ಅಡಗಿತ್ತು ಎಂಬುದಕ್ಕೆ ಉಪ್ಪುನೀರಿನ ಡಿಮ್ಮರ್‌ಗಿಂತ ಒಳ್ಳೆಯ ಸಾಕ್ಷಿಯಿಲ್ಲ. ಬೆಲೆಬಾಳುವ ಉಪಕರಣಗಳು ಕೈಗೆಟುಕದ ಕಾಲದಲ್ಲಿ ಹವ್ಯಾಸಿ ರಂಗಭೂಮಿ ಇದನ್ನು ಆಶ್ರಯಿಸಿತ್ತು. ಪಿಂಗಾಣಿ ಕೊಳವೆಯಲ್ಲಿ ಉಪ್ಪು ಕರಗಿಸಿದ ನೀರು. ತಳದಲ್ಲಿ ಒಂದು ಲೋಹದ ತಟ್ಟೆ, ಮೇಲಿನಿಂದ ಇಳಿಬಿಟ್ಟ ಇನ್ನೊಂದು ತಟ್ಟೆ. ದೀಪಕ್ಕೆ ಹೋಗುವ ವಿದ್ಯುತ್ ಈ ನೀರನ್ನು ಹಾದೇ ಹೋಗಬೇಕು. ನೀರಿನಲ್ಲಿ ವಿದ್ಯುತ್ತನ್ನು ಹೊರುವವು ಸೋಡಿಯಂ ಮತ್ತು ಕ್ಲೋರೈಡ್ ಅಯಾನುಗಳು. ತಟ್ಟೆಗಳ ನಡುವಿನ ಅಂತರ ಕಡಿಮೆಯಾದಂತೆ ರೋಧ ಇಳಿಯುತ್ತದೆ, ದೀಪ ನಿಧಾನವಾಗಿ ಅರಳುತ್ತದೆ. ಆದರೆ ವಿದ್ಯುತ್ ಹರಿದಷ್ಟೂ ನೀರು ಕಾಯುತ್ತದೆ, ಪ್ರತಿ ಡಿಗ್ರಿ ಬಿಸಿಗೆ ಅದರ ವಾಹಕತೆ ಸುಮಾರು ಶೇ 2ರಷ್ಟು ಏರುತ್ತದೆ. ಎಂದರೆ ಮೊದಲ ಅಂಕದಲ್ಲಿ ಮುಸ್ಸಂಜೆ ತೋರಿಸಿದ ತಟ್ಟೆಯ ಸ್ಥಾನವೇ ಕೊನೆಯ ಅಂಕದಲ್ಲಿ ಹೆಚ್ಚು ಬೆಳಕು ಕೊಟ್ಟೀತು. ಅದನ್ನು ಗಮನಿಸಿ ತಟ್ಟೆಯನ್ನು ತುಸು ಮೇಲೆತ್ತಿಕೊಳ್ಳುತ್ತಿದ್ದವರು ದ್ರಾವಣಗಳ ಉಷ್ಣಗುಣವನ್ನು ಅದರ ಹೆಸರು ಕೇಳದೆಯೇ ಪಳಗಿಸಿದ್ದರು. ಬೇಕಿಲ್ಲದ ಶಕ್ತಿಯೆಲ್ಲ ನೀರು ಕಾಯಿಸುವುದಕ್ಕೇ ಹೋಗುತ್ತಿತ್ತು, ವಿದ್ಯುತ್ ಹರಿಯುವ ನೀರಿನ ಪಕ್ಕದಲ್ಲೇ ಮನುಷ್ಯರು ಓಡಾಡುತ್ತಿದ್ದರು. ಈ ಉಪಕರಣ ಮರೆಯಾದದ್ದು ಒಳ್ಳೆಯದೇ ಆಯಿತು.

ಅದರ ಸ್ಥಾನಕ್ಕೆ ಬಂದ ಥೈರಿಸ್ಟರ್ ಡಿಮ್ಮರ್ ವಿದ್ಯುತ್ತನ್ನು ತಡೆದು ಸುಡುವುದಿಲ್ಲ, ಕತ್ತರಿಸುತ್ತದೆ. ನಮ್ಮ ಪರ್ಯಾಯ ವಿದ್ಯುತ್ತಿನ ಅಲೆ ಸೆಕೆಂಡಿಗೆ 50 ಬಾರಿ ಆವರ್ತಿಸುತ್ತದೆ, ಅಂದರೆ 100 ಅರ್ಧ ಅಲೆಗಳು. ಪ್ರತಿ ಅರ್ಧ ಅಲೆಯ ಆರಂಭದ ಒಂದಿಷ್ಟು ಭಾಗವನ್ನು ಬಿಟ್ಟು ಉಳಿದದ್ದನ್ನಷ್ಟೇ ಇದು ದೀಪಕ್ಕೆ ಹರಿಸುತ್ತದೆ. ಕಾದ ತಂತಿ ಅಷ್ಟು ಬೇಗ ತಣಿಯದ ಕಾರಣ ಕಣ್ಣಿಗೆ ಮಿಣುಕು ಕಾಣದು. 1986ರಲ್ಲಿ ರೂಪುಗೊಂಡ ಡಿಎಂಎಕ್ಸ್ 512 ಎಂಬ ಸಂಕೇತ ಪದ್ಧತಿ ಒಂದೇ ಕೇಬಲ್ಲಿನಲ್ಲಿ 512 ವಾಹಿನಿಗಳಿಗೆ ಆಜ್ಞೆ ಕಳಿಸುತ್ತದೆ. ಪ್ರತಿ ವಾಹಿನಿಗೂ 0ಯಿಂದ 255ರವರೆಗಿನ ಒಂದು ಸಂಖ್ಯೆ, ಅಷ್ಟೇ. ಬೆಳದಿಂಗಳೂ ಕಾಳ್ಗಿಚ್ಚೂ ಈಗ ಅಂಕಿಗಳ ಸಾಲುಗಳಾಗಿಯೇ ರಂಗಕ್ಕೆ ಬರುತ್ತವೆ.

ಆದರೂ ಪಳಗಿದ ಕೈ ಬೇಕೇ ಬೇಕು. ತಣ್ಣಗಿರುವ ಟಂಗ್‌ಸ್ಟನ್ ತಂತಿಯ ರೋಧ ಕಾದಾಗಿನ ರೋಧದ ಹತ್ತರಲ್ಲಿ ಒಂದು ಭಾಗಕ್ಕಿಂತಲೂ ಕಡಿಮೆ. ಒಮ್ಮೆಲೇ ಹೊತ್ತಿಸಿದರೆ ವಿದ್ಯುತ್ ನುಗ್ಗಿ ತಂತಿಯ ಆಯುಷ್ಯ ತಗ್ಗುತ್ತದೆ, ಆದ್ದರಿಂದ ಪ್ರದರ್ಶನಕ್ಕೆ ಮೊದಲು ದೀಪಗಳನ್ನು ಮೆಲ್ಲಗೆ ಬೆಚ್ಚಗಾಗಿಸುತ್ತಾರೆ. ಮಂದವಾಗುತ್ತಾ ಆ ತಂತಿ ತಾನಾಗಿಯೇ ಕೆಂಪಿಗೆ ತಿರುಗುತ್ತದೆ. ಎಲ್‌ಇಡಿ ಹಾಗೆ ತಿರುಗುವುದಿಲ್ಲ, ಸೂರ್ಯಾಸ್ತದ ಕೆಂಪನ್ನು ಅದಕ್ಕೆ ಬೇರೆಯಾಗಿ ಹೇಳಿಕೊಡಬೇಕು. ಭಾರದ ವಿಷಯದಲ್ಲಂತೂ ತಪ್ಪಿಗೆ ಜಾಗವೇ ಇಲ್ಲ. ಒಂದು ತೂಕವನ್ನು ಎರಡು ಹಗ್ಗಗಳಿಂದ ನೇರವಾಗಿ ಇಳಿಬಿಟ್ಟರೆ ಪ್ರತಿ ಹಗ್ಗಕ್ಕೆ ಅರ್ಧ ಭಾರ. ಅವೇ ಹಗ್ಗಗಳು ಲಂಬರೇಖೆಯಿಂದ 60 ಡಿಗ್ರಿ ಓರೆಯಾದರೆ ಪ್ರತಿಯೊಂದೂ ಪೂರ್ತಿ ಭಾರ ಹೊರಬೇಕಾಗುತ್ತದೆ. ನಟರ ತಲೆಯ ಮೇಲೆ ತೂಗುವ ದೀಪಕ್ಕೆ ಈ ತ್ರಿಕೋನಮಿತಿಯೇ ಆಧಾರ.

ಈ ಎಲ್ಲ ತಂತ್ರ ಸೇರಿ ಏನು ಮಾಡಬಲ್ಲದು ಎಂಬುದನ್ನು ಕೋಲ್ಕತ್ತದ ಮಿನರ್ವಾ ಥಿಯೇಟರ್ 1959ರಲ್ಲೇ ಕಂಡಿತು. ಉತ್ಪಲ್ ದತ್ತರ ‘ಅಂಗಾರ್’ ನಾಟಕದ ಕೊನೆಯಲ್ಲಿ ಕಲ್ಲಿದ್ದಲ ಗಣಿಗೆ ನೀರು ನುಗ್ಗಿ ಕಾರ್ಮಿಕರು ಮುಳುಗುವ ದೃಶ್ಯವನ್ನು ಬೆಳಕಿನ ವಿನ್ಯಾಸಕ ತಾಪಸ್ ಸೇನ್ ಕೇವಲ ಬೆಳಕಿನಿಂದ ಕಟ್ಟಿದರು.

ಕನ್ನಡ ನಾಡಿನಲ್ಲಿ ಈ ವಿದ್ಯೆಗೆ ಪಾಠದ ರೂಪ ಸಿಕ್ಕಿದ್ದು ತಡವಾಗಿ. ದೆಹಲಿಯ ರಾಷ್ಟ್ರೀಯ ನಾಟಕ ಶಾಲೆ 1959ರಲ್ಲಿ ಆರಂಭವಾಯಿತು. ಹೆಗ್ಗೋಡಿನಲ್ಲಿ ಕೆ.ವಿ. ಸುಬ್ಬಣ್ಣನವರ ನೀನಾಸಂ 1980ರಲ್ಲಿ ರಂಗಶಿಕ್ಷಣ ಕೇಂದ್ರ ತೆರೆಯಿತು. ಅಲ್ಲಿ ನಟನೆ ಕಲಿಯಲು ಬಂದವರೂ ರಂಗಸಜ್ಜಿಕೆ ಕಟ್ಟುತ್ತಾರೆ, ಬೆಳಕು ಹಾಕುತ್ತಾರೆ, ಪ್ರಸಾಧನ ಮಾಡುತ್ತಾರೆ. ಬೆಂಗಳೂರಿನಲ್ಲಿ ಮಲ್ಲತ್ತಹಳ್ಳಿಯ ಕಲಾಗ್ರಾಮದಲ್ಲಿರುವ ರಾಷ್ಟ್ರೀಯ ನಾಟಕ ಶಾಲೆಯ ಕೇಂದ್ರ ಒಂದು ವರ್ಷದ ಶಿಕ್ಷಣ ನೀಡುತ್ತದೆ. ಇಂಥ ಕಡೆಗಳಲ್ಲಿ ನೇಪಥ್ಯ ಒಟ್ಟು ರಂಗಶಿಕ್ಷಣದ ಒಂದು ಭಾಗ. ಬೆಳಕನ್ನೇ ಬದುಕಾಗಿಸಿಕೊಳ್ಳಬಯಸುವ ಹುಡುಗ ಹುಡುಗಿಯರು ಆಮೇಲೂ ಯಾರಾದರೊಬ್ಬ ವಿನ್ಯಾಸಕರ ಜೊತೆ ಸಹಾಯಕರಾಗಿ, ಏಣಿ ಹತ್ತಿ ಇಳಿದೇ ಪಕ್ವವಾಗಬೇಕು.

ಉತ್ತರ ಬೆಂಗಳೂರಿಗೆ ಈ ವಿಷಯದಲ್ಲಿ ಒಂದು ಅನುಕೂಲವಿದೆ, ಅದನ್ನು ರಂಗಭೂಮಿ ಅಷ್ಟಾಗಿ ಗಮನಿಸಿದಂತಿಲ್ಲ. ಯಶವಂತಪುರದ ಆಚೆಗೆ ಪೀಣ್ಯದ ಕಾರ್ಖಾನೆಗಳು, ಜಾಲಹಳ್ಳಿಯ ಬಿಇಎಲ್. ಈ ಭಾಗದಲ್ಲಿ ವಿದ್ಯುತ್ ಮತ್ತು ಲೋಹದ ಕೆಲಸ ಬಲ್ಲ ಕೈಗಳಿಗೆ ಕೊರತೆಯಿಲ್ಲ. ಕೈಗಾರಿಕಾ ತರಬೇತಿ ಸಂಸ್ಥೆಗಳ (ಐಟಿಐ) ಎಲೆಕ್ಟ್ರಿಷಿಯನ್ ತರಬೇತಿ ಎರಡು ವರ್ಷದ್ದು. ಅದನ್ನು ಮುಗಿಸಿ ನಾಟಕ ಶಾಲೆಯ ಬಾಗಿಲು ತಟ್ಟುವವರು, ನಾಟಕ ಕಲಿತ ಮೇಲೆ ವಿದ್ಯುತ್ತಿಗೆ ಕೈಹಾಕುವವರಿಗಿಂತ ಗಟ್ಟಿಯಾದ ನೆಲದ ಮೇಲೆ ನಿಂತಿರುತ್ತಾರೆ.