ಡ್ರೋನ್ ಹಾರಾಟ: ಹತ್ತಡಿ ತಪ್ಪಿದರೆ ಒಂದು ಸಾಲು ತಪ್ಪಿತು

ಅಡಿಕೆ ಮರ ಏರುವವರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿರುವುದು ಬೆಳೆಗಾರರಿಗೆಲ್ಲ ತಿಳಿದ ವಿಷಯ. ಮುಂಗಾರು ಹಿಡಿಯುವ ಮೊದಲು ಒಂದು ಸಲ, ಮತ್ತೆ 40-45 ದಿನ ಕಳೆದು ಹೊಳವು ಕಂಡಾಗ ಇನ್ನೊಂದು ಸಲ ಬೋರ್ಡೋ ಮದ್ದು ಬಿಡಲೇಬೇಕು. ಜನ ಸಿಗದೆ ಒಂದು ವಾರ ತಡವಾದರೂ ಕೊಳೆರೋಗ ಕೊನೆಗೆ ಹತ್ತುತ್ತದೆ. ಹೀಗಿರುವಾಗ ಸದಸ್ಯ ಬಂಧುಗಳ ದೃಷ್ಟಿ ಡ್ರೋನಿನ ಕಡೆಗೆ ಹರಿದಿರುವುದು ಸಹಜವೇ. ಮದ್ದು ಸಿಂಪಡಿಸಲು, ತೋಟದ ನಕ್ಷೆ ತೆಗೆಯಲು, ಮರಗಳನ್ನು ಎಣಿಸಲು, ಹಳದಿ ತಿರುಗಿದ ಮರಗಳನ್ನು ಗುರುತಿಸಲು ಇದರ ಬಳಕೆ ಹೆಚ್ಚುತ್ತಿದೆ.

ಆದರೆ ದುಡ್ಡು ಹಾಕುವ ಮೊದಲು ಒಂದು ಸಂಗತಿಯನ್ನು ತಿಳಿದಿರುವುದು ಒಳ್ಳೆಯದು. ತಾನಾಗಿಯೇ ಹಾರುವ ಡ್ರೋನಿಗೆ ತೋಟ ಕಾಣುವುದಿಲ್ಲ, ಸಾಲು ಕಾಣುವುದಿಲ್ಲ. ತಾನು ಎಲ್ಲಿದ್ದೇನೆ ಎಂಬುದನ್ನು ಅದು ಜಿಪಿಎಸ್ ಉಪಗ್ರಹಗಳಿಂದ ಬರುವ ಸಂಕೇತಗಳ ಮೂಲಕ ಲೆಕ್ಕ ಹಾಕುತ್ತದೆ. ಆ ಲೆಕ್ಕದಲ್ಲಿ ಯಾವಾಗಲೂ ಅಷ್ಟಿಷ್ಟು ತಪ್ಪು ಇದ್ದೇ ಇರುತ್ತದೆ.

ತಪ್ಪು ಎಷ್ಟು?

ಬಯಲಿನಲ್ಲಿ, ಆಕಾಶ ಪೂರ್ತಿ ತೆರೆದಿರುವಲ್ಲಿ, ಸಾಮಾನ್ಯ ಜಿಪಿಎಸ್ ತೋರಿಸುವ ಜಾಗ 3ರಿಂದ 5 ಮೀಟರ್, ಅಂದರೆ 10ರಿಂದ 16 ಅಡಿಯಷ್ಟು ಆಚೀಚೆ ಇರಬಹುದು. ನಮ್ಮ ಅಡಿಕೆ ಮರಗಳ ಅಂತರ 9 ಅಡಿ. ಡ್ರೋನ್ ಹತ್ತಡಿ ತಪ್ಪಿದರೆ ಒಂದು ಸಾಲು ತಪ್ಪಿದಂತೆಯೇ. ಭತ್ತದ ಗದ್ದೆಯಲ್ಲಿ ಈ ತಪ್ಪು ಬದುವಿನ ಹತ್ತಿರ ಮಾತ್ರ ಗೊತ್ತಾದೀತು. ತೋಟದಲ್ಲಿ ಹಾಗಲ್ಲ: ಮದ್ದು ಮರದ ತಲೆಯ ಬದಲು ಎರಡು ಸಾಲುಗಳ ನಡುವೆ ಬೀಳುತ್ತದೆ, ಇಲ್ಲವೇ ಬೇಲಿ ದಾಟಿ ನೆರೆಯವರ ಬಾವಿಗೆ, ಜೇನುಪೆಟ್ಟಿಗೆಗೆ ಬೀಳುತ್ತದೆ.

ತಪ್ಪು ಎಲ್ಲಿಂದ ಬರುತ್ತದೆ?

ಜಿಪಿಎಸ್ ಉಪಗ್ರಹಗಳು ನಮ್ಮಿಂದ ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುತ್ತಿವೆ. ಸಂಕೇತ ಅಲ್ಲಿಂದ ಇಲ್ಲಿಗೆ ಬರಲು ಹಿಡಿದ ವೇಳೆಯನ್ನು ಅಳೆದು ದೂರವನ್ನು ಲೆಕ್ಕ ಹಾಕಲಾಗುತ್ತದೆ. ಈ ವೇಳೆಯಲ್ಲಿ ಸೆಕೆಂಡಿನ ಹತ್ತು ಲಕ್ಷದ ಒಂದು ಭಾಗ ವ್ಯತ್ಯಾಸವಾದರೆ ದೂರದಲ್ಲಿ 300 ಮೀಟರ್ ವ್ಯತ್ಯಾಸವಾಗುತ್ತದೆ. ಅಮೆರಿಕ ಸರ್ಕಾರ ನಾಗರಿಕರ ಬಳಕೆಯ ಸಂಕೇತವನ್ನು ಬೇಕೆಂದೇ ಕೆಡಿಸಿ ಕೊಡುತ್ತಿದ್ದ ಪದ್ಧತಿ 2000ನೇ ಇಸವಿಯ ಮೇ ತಿಂಗಳಲ್ಲಿ ನಿಂತಿತು. ಈಗ ಉಳಿದಿರುವವು ಪ್ರಕೃತಿಯ ಮತ್ತು ಸ್ಥಳದ ಕಾರಣಗಳು.

ಮೊದಲನೆಯದು ವಾತಾವರಣದ ಮೇಲ್ಪದರ. ಬಿಸಿಲಿನಿಂದ ಅಲ್ಲಿ ವಿದ್ಯುತ್ ಕಣಗಳು ಹೆಚ್ಚಿ ಸಂಕೇತ ತಡವಾಗುತ್ತದೆ. ಭೂಮಧ್ಯರೇಖೆಗೆ ಹತ್ತಿರವಿರುವ ದಕ್ಷಿಣ ಭಾರತದಲ್ಲಿ ಇದರ ಪ್ರಭಾವ ಜಾಸ್ತಿ. ಮಧ್ಯಾಹ್ನ 2 ಗಂಟೆಯ ಸುಮಾರಿಗೆ ಅತಿ ಹೆಚ್ಚು, ಬೆಳಗಿನ ಜಾವ ಅತಿ ಕಡಿಮೆ. ಸೂರ್ಯನಲ್ಲಿ ಕ್ಷೋಭೆಯೆದ್ದರಂತೂ ಬೆಲೆಬಾಳುವ ಯಂತ್ರಗಳೂ ದಾರಿ ತಪ್ಪುತ್ತವೆ. 2024ರ ಮೇ ತಿಂಗಳ ಸೌರ ಬಿರುಗಾಳಿಯ ಸಮಯದಲ್ಲಿ ಅಮೆರಿಕದ ರೈತರು ಜಿಪಿಎಸ್ ಟ್ರಾಕ್ಟರುಗಳನ್ನು ನಿಲ್ಲಿಸಿ ಬಿತ್ತನೆ ತಡೆಹಿಡಿಯಬೇಕಾಯಿತು.

ಎರಡನೆಯದು ನಮ್ಮ ತೋಟಗಳ ಸ್ವರೂಪವೇ. ಕಾಫಿ ತೋಟದ ನೆರಳುಮರಗಳ ಕೆಳಗೆ, ಎರಡು ಗುಡ್ಡಗಳ ನಡುವಣ ಅಡಿಕೆ ಕಣಿವೆಯಲ್ಲಿ ಆಕಾಶ ಕಾಣುವುದೇ ಸ್ವಲ್ಪ. ಕಾಣುವ ಉಪಗ್ರಹಗಳು ಕಡಿಮೆಯಾದಷ್ಟೂ ತಪ್ಪು ಹೆಚ್ಚುತ್ತದೆ. ಗುಡ್ಡಕ್ಕೆ, ತಗಡಿನ ಮಾಡಿಗೆ ಬಡಿದು ತಿರುಗಿ ಬಂದ ಸಂಕೇತ ಸುತ್ತುದಾರಿ ಹಿಡಿದಿರುವುದರಿಂದ ಅದೂ ಲೆಕ್ಕ ಕೆಡಿಸುತ್ತದೆ.

ಬ್ಯಾಟರಿ ಬದಲಿಸಿದಾಗ

ಜಿಪಿಎಸ್ ತಪ್ಪು ಕ್ಷಣಕ್ಷಣಕ್ಕೂ ಜಿಗಿಯುವಂಥದಲ್ಲ, ನಿಧಾನವಾಗಿ ಸರಿಯುವಂಥದು. ಆದ್ದರಿಂದ ತೆರೆದ ಜಾಗದಲ್ಲಿ ಒಂದೇ ಹಾರಾಟದ ಪಟ್ಟಿಗಳು ಒಂದಕ್ಕೊಂದು ಬಹುಮಟ್ಟಿಗೆ ಸರಿಯಾಗಿ ಕೂಡುತ್ತವೆ. ತೊಂದರೆ ಬರುವುದು ಬ್ಯಾಟರಿ ಬದಲಿಸಿ, ತೊಟ್ಟಿ ತುಂಬಿಸಿ ಮತ್ತೆ ಏರಿದಾಗ. ಅಷ್ಟರಲ್ಲಿ ತಪ್ಪು ಬೇರೆ ದಿಕ್ಕಿಗೆ ಸರಿದಿದ್ದರೆ ಬಿಟ್ಟ ಜಾಗದಿಂದಲೇ ಕೆಲಸ ಮುಂದುವರಿಯುವುದಿಲ್ಲ. ಒಂದು ಕಡೆ ಎರಡು ಸಲ ಮದ್ದು ಬೀಳುತ್ತದೆ, ಇನ್ನೊಂದು ಕಡೆ ಒಂದು ಸಾಲು ಹಾಗೆಯೇ ಉಳಿಯುತ್ತದೆ. ಕೊಳೆರೋಗಕ್ಕೆ ಅಷ್ಟು ಸಾಕು. ಮದ್ದು ಕಾಣದ ಸಾಲಿನಲ್ಲಿ ಹುಟ್ಟಿದ ರೋಗ ಮಳೆಗಾಳಿಯೊಂದಿಗೆ ಉಳಿದ ಮರಗಳಿಗೂ ಹರಡುತ್ತದೆ.

ಎತ್ತರದ ಮೋಸ

ಅಡ್ಡಡ್ಡದ ತಪ್ಪಿಗಿಂತ ಮಲೆನಾಡಿನಲ್ಲಿ ಎತ್ತರದ ತಪ್ಪು ಹೆಚ್ಚು ಅಪಾಯದ್ದು. ಜಿಪಿಎಸ್ ಕೊಡುವ ಎತ್ತರದಲ್ಲಿ ತಪ್ಪು ಇನ್ನೂ ಜಾಸ್ತಿ. ಅದಕ್ಕಾಗಿ ಡ್ರೋನ್ ಗಾಳಿಯ ಒತ್ತಡವನ್ನೂ ಅಳೆಯುತ್ತದೆ. ಆದರೆ ಹವೆ ಬದಲಾದಂತೆ ಅದೂ ಕೆಲವು ಅಡಿ ಸರಿಯುತ್ತದೆ. ಮುಖ್ಯ ಮಾತೆಂದರೆ, ಬಹುತೇಕ ಡ್ರೋನುಗಳು ಎತ್ತರವನ್ನು ಎಣಿಸುವುದು ತಾವು ಏರಿದ ಜಾಗದಿಂದ. ಕೆಳಗಿನ ಅಂಗಳದಿಂದ ಏರಿಸಿ 80 ಅಡಿ ಎಂದು ನಿಗದಿ ಮಾಡಿದಿರಿ ಎನ್ನಿ. ತೋಟದ ಮೇಲಿನ ಅಂಚು ಅಂಗಳಕ್ಕಿಂತ 40 ಅಡಿ ಎತ್ತರದಲ್ಲಿದ್ದು, ಅಲ್ಲಿನ ಮರ 50 ಅಡಿ ಬೆಳೆದಿದ್ದರೆ ಮರದ ತಲೆ 90 ಅಡಿಗೆ ಬಂತು. ಡ್ರೋನ್ ನೇರವಾಗಿ ಸೋಗೆಗೆ ಹೊಡೆಯುತ್ತದೆ. ಇಳಿಜಾರಿನ ತೋಟದಲ್ಲಿ ಮೇಲಿನ ಅಂಚಿನಿಂದಲೇ ಏರಿಸುವುದು, ಇಲ್ಲವೇ ನೆಲದ ಏರಿಳಿತ ಅನುಸರಿಸುವ ವ್ಯವಸ್ಥೆಯಿರುವ ಡ್ರೋನ್ ಬಳಸುವುದು ಕ್ಷೇಮ. ವಿದ್ಯುತ್ ತಂತಿ ಎಲ್ಲಿದೆ ಎಂದು ಜಿಪಿಎಸ್ ಹೇಳುವುದಿಲ್ಲ. ಅದನ್ನು ನೀವೇ ನಡೆದು ನೋಡಿ ಗುರುತಿಸಬೇಕು.

ತಪ್ಪನ್ನು ಸರಿಪಡಿಸುವ ಬಗೆ

ಖಚಿತವಾದ ಪರಿಹಾರ ಆರ್‌ಟಿಕೆ ಪದ್ಧತಿ. ಒಂದು ಗ್ರಾಹಕವನ್ನು ನೆಲದ ಮೇಲೆ ಗೊತ್ತಾದ ಬಿಂದುವಿನಲ್ಲಿ ನಿಲ್ಲಿಸಲಾಗುತ್ತದೆ. ಅದು ತನ್ನ ನಿಜವಾದ ಜಾಗಕ್ಕೂ ಉಪಗ್ರಹ ಹೇಳುವ ಜಾಗಕ್ಕೂ ಇರುವ ವ್ಯತ್ಯಾಸವನ್ನು ಕಂಡು, ಹಾರುತ್ತಿರುವ ಡ್ರೋನಿಗೆ ಆಗಿಂದಾಗಲೇ ತಿಳಿಸುತ್ತದೆ. ಆಗ ತಪ್ಪು 2-3 ಸೆಂಟಿಮೀಟರಿಗೆ ಇಳಿಯುತ್ತದೆ. ಸರ್ವೆ ಆಫ್ ಇಂಡಿಯಾ ದೇಶದಲ್ಲಿ ಸ್ಥಾಪಿಸಿರುವ ಕಾರ್ಸ್ ಕೇಂದ್ರಗಳಿಂದಲೂ ಇಂಥ ತಿದ್ದುಪಡಿ ದೊರೆಯುತ್ತದೆ. ಆದರೆ ಅದು ಬರುವುದು ಮೊಬೈಲ್ ಜಾಲದ ಮೂಲಕ. ಮೊಬೈಲ್ ಸಿಗ್ನಲ್ ಇಲ್ಲದ ಕಣಿವೆಗಳಿಗೆ ಸ್ವಂತ ನೆಲಕೇಂದ್ರವೇ ಗತಿ. ನೆಲಕೇಂದ್ರವನ್ನು ಪ್ರತಿ ಸಲವೂ ಅದೇ ಕಲ್ಲಿನ ಮೇಲೆ ನಿಲ್ಲಿಸಬೇಕು. ಅದು ಮೂರಡಿ ಸರಿದರೆ ಇಡೀ ಹಾರಾಟ ಮೂರಡಿ ಸರಿಯುತ್ತದೆ. ಪರದೆಯಲ್ಲಿ ‘ಫಿಕ್ಸ್’ ಎಂದು ಬಂದ ಮೇಲೆ ಮಾತ್ರ ಹಾರಿಸಬೇಕು. ‘ಫ್ಲೋಟ್’ ಎಂದಿದ್ದರೆ ಲೆಕ್ಕ ಇನ್ನೂ ನಿಂತಿಲ್ಲ ಎಂದರ್ಥ.

ಆರ್‌ಟಿಕೆ ಇಲ್ಲದವರು ಕೆಳಗಿನ ಕ್ರಮಗಳಿಂದ ತಪ್ಪನ್ನು ತಕ್ಕಮಟ್ಟಿಗೆ ತಗ್ಗಿಸಬಹುದು.

1. ಮರದ ಕೆಳಗಿನಿಂದ ಏರಿಸಬಾರದು. ತೆರೆದ ಜಾಗದಲ್ಲಿಟ್ಟು, ಕನಿಷ್ಠ 12 ಉಪಗ್ರಹಗಳು ಸಿಕ್ಕಿ, ಡ್ರೋನ್ ತನ್ನ ಮನೆಬಿಂದುವನ್ನು ದಾಖಲಿಸುವವರೆಗೆ ಕಾಯಬೇಕು. ಅವಸರದಲ್ಲಿ ಏರಿಸಿದರೆ ಮರಳುವಾಗ ಕೆರೆಯಲ್ಲಿ ಇಳಿದೀತು.

2. ದಿಕ್ಸೂಚಿಯನ್ನು ಜೀಪು, ತಗಡಿನ ಶೆಡ್ಡು, ಕಬ್ಬಿಣ ಹಾಕಿದ ಕಾಂಕ್ರೀಟು ಕಣ ಇವುಗಳಿಂದ ದೂರದಲ್ಲಿ ಸರಿಹೊಂದಿಸಬೇಕು.

3. ತೋಟದ ಗಡಿಯನ್ನು ಮೊಬೈಲಿನ ಉಪಗ್ರಹ ಚಿತ್ರದ ಮೇಲೆ ಗೆರೆ ಎಳೆದು ಗುರುತಿಸಿದರೆ ಸಾಲದು. ಆ ಚಿತ್ರವೇ ಕೆಲವು ಮೀಟರ್ ಸರಿದಿರುವುದುಂಟು. ಗಡಿ ಸುತ್ತಿ ದಾಖಲಿಸಿ, ಅದೇ ಹೊತ್ತಿನಲ್ಲಿ ಹಾರಿಸಬೇಕು.

4. ತೆರೆದ ಜಾಗದಲ್ಲಿ ಒಂದು ಕಲ್ಲು ನೆಟ್ಟು, ಪ್ರತಿ ಬ್ಯಾಟರಿಗೂ ಮೊದಲು ಡ್ರೋನನ್ನು ಅದರ ಮೇಲಿಟ್ಟು ತೋರಿಸುವ ಜಾಗ ಎಷ್ಟು ಸರಿದಿದೆ ಎಂದು ನೋಡಿ, ಹಾರಾಟದ ಗೆರೆಯನ್ನು ಅಷ್ಟೇ ಸರಿಸಬೇಕು.

5. ಗಡಿಯ ಒಳಗೆ ಎರಡು ಸಾಲು ಬಿಟ್ಟು ಯಂತ್ರದಿಂದ ಮಾಡಿಸಿ, ಅಂಚಿನ ಸಾಲುಗಳಿಗೆ ದೋಟಿಯಿಂದ ಇಲ್ಲವೇ ಮರ ಏರಿಸಿ ಮದ್ದು ಬಿಡಬೇಕು.

6. ಬೆಳಗಿನ ಹೊತ್ತೇ ಉತ್ತಮ. ಗಾಳಿಯೂ ಕಡಿಮೆ, ಆಕಾಶದ ತಪ್ಪೂ ಕಡಿಮೆ.

ಗಡಿ ತಕರಾರಿಗೆ ಇದು ಪ್ರಮಾಣವಲ್ಲ

ಡ್ರೋನ್ ನಕ್ಷೆ ಹಿಡಿದು ಬೇಲಿ ಸರಿಸುವ ಮಾತು ಬೇಡ. ಒಂದು ಎಕರೆಯ ಚೌಕ ತೋಟದ ಒಂದು ಪಕ್ಕ ಸುಮಾರು 209 ಅಡಿ. ಆ ಪಕ್ಕದ ಗೆರೆ 10 ಅಡಿ ಸರಿದರೆ ಹೆಚ್ಚುಕಡಿಮೆ 2 ಗುಂಟೆ, ಅಂದರೆ 23 ಮರಗಳ ಒಂದು ಸಾಲು, ನಕ್ಷೆಯಲ್ಲಿ ನೆರೆಯವರ ಪಾಲಾಗುತ್ತದೆ, ಇಲ್ಲವೇ ಅವರದು ನಿಮ್ಮ ಪಾಲಾಗುತ್ತದೆ. ಯಂತ್ರದ ತಪ್ಪಿಗಾಗಿ ಅಣ್ಣತಮ್ಮಂದಿರು ಕೋರ್ಟು ಹತ್ತುವುದು ಬೇಡ. ಗಡಿ ನಿಶ್ಚಯಿಸಬೇಕಾದದ್ದು ಸರ್ಕಾರಿ ಮೋಜಣಿ ಮಾತ್ರ.

ಗುತ್ತಿಗೆ ಕೊಡುವ ಮೊದಲು

2021ರ ಡ್ರೋನ್ ನಿಯಮಗಳ ಪ್ರಕಾರ ಮದ್ದು ಹೊಡೆಯುವ ಡ್ರೋನ್ ನೋಂದಣಿಯಾಗಿರಬೇಕು, ಹಾರಿಸುವವರಿಗೆ ರಿಮೋಟ್ ಪೈಲಟ್ ಪ್ರಮಾಣಪತ್ರ ಇರಬೇಕು. ಇದನ್ನು ಕೇಳಿ ನೋಡಿರಿ. ಜೊತೆಗೆ ಆರ್‌ಟಿಕೆ ಇದೆಯೇ, ತಿದ್ದುಪಡಿ ನಿಂತುಹೋದರೆ ಡ್ರೋನ್ ಏನು ಮಾಡುತ್ತದೆ, ಮರಕ್ಕೆ ಬಡಿದರೆ ನಷ್ಟ ಯಾರದು ಎಂಬುದನ್ನು ಮೊದಲೇ ಮಾತನಾಡಿ ಬರೆದಿಟ್ಟುಕೊಳ್ಳಿರಿ. ಮೊದಲ ಹಾರಾಟದಲ್ಲಿ ಬರಿಯ ನೀರು ಹಾಕಿಸಿ, ನಾಲ್ಕಾರು ಮರಗಳ ಕೊನೆಗೆ ಕಾಗದದ ಚೂರು ಕಟ್ಟಿ ಒದ್ದೆಯಾಯಿತೇ ಎಂದು ನೋಡಿರಿ. ಡ್ರೋನ್ ಜಾಗ ತಪ್ಪದಿದ್ದರೂ ಮೇಲಿನಿಂದ ಬಿದ್ದ ಮದ್ದನ್ನು ಸೋಗೆಯೇ ತಡೆಯುವುದುಂಟು. ಕಾಗದ ಒಣಗಿಯೇ ಉಳಿದರೆ ಆ ತೋಟಕ್ಕೆ ಈ ವರ್ಷವೂ ಮರ ಏರುವವರೇ ಬೇಕು.

ನೆಲಕೇಂದ್ರದ ಖರ್ಚು ಒಬ್ಬ ಸಣ್ಣ ಬೆಳೆಗಾರನಿಗೆ ಭಾರವೇ. ಒಂದೇ ಕಣಿವೆಯ ಎಂಟು ಹತ್ತು ತೋಟದವರು ಸೇರಿ ಒಂದು ಕಲ್ಲು ನೆಟ್ಟು, ಒಂದು ಕೇಂದ್ರ ಇಟ್ಟುಕೊಂಡರೆ ಅದು ಎಲ್ಲರಿಗೂ ಒದಗುತ್ತದೆ. ಸಹಕಾರದ ದಾರಿ ಇಲ್ಲಿಯೂ ಹಗುರವಾದ ದಾರಿ. ಮಳೆಗಾಲಕ್ಕೆ ಮೊದಲೇ ನೆರೆಹೊರೆಯವರೊಡನೆ ಕುಳಿತು ಈ ವಿಚಾರ ಮಾಡುವುದು ಲೇಸು.