ತೀವ್ರ ನಿಗಾ ಘಟಕದಲ್ಲಿರುವ ರೋಗಿಗಳಿಗೆ ವ್ಯಾಯಾಮ ಹಾಗೂ ಶೀಘ್ರ ಚಲನೆ – ಸಾರ್ವಜನಿಕರಿಗೆ ಮಾಹಿತಿ

ಪೀಠಿಕೆ

ತೀವ್ರ ಸ್ವರೂಪದ ಕಾಯಿಲೆ, ಅಪಘಾತ ಅಥವಾ ದೊಡ್ಡ ಶಸ್ತ್ರಚಿಕಿತ್ಸೆಯ ನಂತರ ರೋಗಿಗಳನ್ನು ಐ.ಸಿ.ಯು. ಎಂದು ಕರೆಯಲಾಗುವ ತೀವ್ರ ನಿಗಾ ಘಟಕಕ್ಕೆ ದಾಖಲಿಸಲಾಗುತ್ತದೆ. ಇಂತಹ ರೋಗಿಗಳಿಗೆ ಸಂಪೂರ್ಣ ವಿಶ್ರಾಂತಿಯೇ ಸೂಕ್ತವೆಂಬ ಭಾವನೆ ಜನರಲ್ಲಿ ಬಹುಕಾಲದಿಂದ ಬೇರೂರಿದೆ. ಆದ್ದರಿಂದ ಉಸಿರಾಟದ ಕೊಳವೆ ಅಳವಡಿಸಿರುವ ರೋಗಿಯನ್ನು ಸಿಬ್ಬಂದಿಯು ಎಬ್ಬಿಸಿ ಕೂರಿಸುವುದನ್ನು ಕಂಡು ಬಂಧುಗಳು ಗಾಬರಿಗೊಳ್ಳುವುದು, ಅದನ್ನು ನಿಲ್ಲಿಸುವಂತೆ ಕೋರುವುದು ಉಂಟು. ವಾಸ್ತವದಲ್ಲಿ, ಸೂಕ್ತ ಸಮಯದಲ್ಲಿ ಸೂಕ್ತ ಪ್ರಮಾಣದಲ್ಲಿ ನೀಡುವ ಚಲನೆಯು ಚಿಕಿತ್ಸೆಯ ಒಂದು ಅಂಗವಾಗಿದೆ. ರೋಗಿಯು ಜೀವ ಉಳಿಸಿಕೊಳ್ಳುವುದರ ಜೊತೆಗೆ, ಮನೆಗೆ ಮರಳಿದ ನಂತರ ತನ್ನ ಕೆಲಸಗಳನ್ನು ತಾನೇ ಮಾಡಿಕೊಳ್ಳುವಂತಾಗಬೇಕೆಂಬುದು ಇದರ ಉದ್ದೇಶವಾಗಿರುತ್ತದೆ.

ಮಲಗಿಯೇ ಇರುವುದರಿಂದ ಉಂಟಾಗುವ ತೊಂದರೆಗಳು

ತೀವ್ರ ಕಾಯಿಲೆಯಲ್ಲಿ ಸ್ನಾಯುಗಳು ಬಹು ಬೇಗ ಕ್ಷೀಣಿಸುತ್ತವೆ. ಲಂಡನ್ನಿನಲ್ಲಿ 63 ರೋಗಿಗಳನ್ನು ಪರೀಕ್ಷಿಸಿ 2013ರಲ್ಲಿ ಪ್ರಕಟಿಸಲಾದ ಅಧ್ಯಯನದ ಪ್ರಕಾರ, ಮೊದಲ 10 ದಿನಗಳಲ್ಲಿಯೇ ತೊಡೆಯ ಮುಂಭಾಗದ ಸ್ನಾಯುವಿನ ಗಾತ್ರವು ಸರಾಸರಿ ಸುಮಾರು ಶೇ. 18ರಷ್ಟು ಕುಗ್ಗಿತ್ತು. ಕುಳಿತಲ್ಲಿಂದ ಏಳಲು, ಮೆಟ್ಟಿಲು ಹತ್ತಲು ಈ ಸ್ನಾಯುವೇ ಮುಖ್ಯ ಆಧಾರ. ಚಲನೆ ಇಲ್ಲದಿರುವುದರ ಜೊತೆಗೆ ಸೋಂಕು ಮತ್ತು ಉರಿಯೂತಗಳೂ ಸ್ನಾಯುವಿನಲ್ಲಿರುವ ಪ್ರೋಟೀನನ್ನು ಕರಗಿಸುತ್ತವೆ. ಕೆಲವರಲ್ಲಿ ನರಗಳಿಗೂ ಹಾನಿಯಾಗುತ್ತದೆ. ವೆಂಟಿಲೇಟರ್ ಯಂತ್ರವು ಉಸಿರಾಟದ ಕೆಲಸವನ್ನು ವಹಿಸಿಕೊಂಡಾಗ ವಪೆಯೂ ದುರ್ಬಲಗೊಳ್ಳುತ್ತದೆ. ಇದರಿಂದ ಯಂತ್ರದ ನೆರವನ್ನು ಬಿಡಿಸುವುದು ತಡವಾಗಬಹುದು.

ಇದಲ್ಲದೆ ಈ ಕೆಳಕಂಡ ತೊಂದರೆಗಳೂ ಉಂಟಾಗಬಹುದು:

1. ಬೆನ್ನು, ಸೊಂಟ, ಹಿಮ್ಮಡಿಗಳಲ್ಲಿ ಹಾಸಿಗೆ ಹುಣ್ಣು.
2. ಕೀಲುಗಳು ಬಿಗಿಯಾಗುವುದು, ಪಾದ ಕೆಳಮುಖವಾಗಿ ಸೆಟೆದುಕೊಳ್ಳುವುದು.
3. ಶ್ವಾಸಕೋಶದಲ್ಲಿ ಕಫ ಕಟ್ಟುವುದು.
4. ಕಾಲಿನ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟುವುದು.
5. ದಿನ, ಸ್ಥಳ, ವ್ಯಕ್ತಿಗಳ ಗುರುತು ತಪ್ಪಿ ಗೊಂದಲಕ್ಕೊಳಗಾಗುವ ಸನ್ನಿ ಸ್ಥಿತಿ.

ಸ್ನಾಯುಬಲವನ್ನು ಅಳೆಯುವ ವಿಧಾನ

ರೋಗಿಯು ಎಚ್ಚರಗೊಂಡು ಸೂಚನೆಗಳನ್ನು ಪಾಲಿಸುವಂತಾದಾಗ ಭುಜ, ಮೊಣಕೈ, ಮಣಿಕಟ್ಟು, ಸೊಂಟದ ಕೀಲು, ಮೊಣಕಾಲು ಮತ್ತು ಕಾಲಿನ ಮಣಿಕಟ್ಟುಗಳ ಬಲವನ್ನು ಎರಡೂ ಬದಿಗಳಲ್ಲಿ ಪರೀಕ್ಷಿಸಲಾಗುತ್ತದೆ. ಪ್ರತಿಯೊಂದಕ್ಕೂ 0ಯಿಂದ 5ರವರೆಗೆ ಅಂಕ ನೀಡಲಾಗುತ್ತದೆ. ಒಟ್ಟು 60 ಅಂಕಗಳಿಗೆ 48ಕ್ಕಿಂತ ಕಡಿಮೆ ಬಂದಲ್ಲಿ ಗಣನೀಯ ದೌರ್ಬಲ್ಯವಿದೆಯೆಂದು ಪರಿಗಣಿಸಲಾಗುತ್ತದೆ. ಬಂಧುಗಳು ಈ ಅಂಕವನ್ನು ವೈದ್ಯರಿಂದ ಕೇಳಿ ತಿಳಿದುಕೊಳ್ಳಬಹುದು.

ಶೀಘ್ರ ಚಲನೆಯ ಹಂತಗಳು

ರೋಗಿಯ ಸ್ಥಿತಿಯನ್ನು ಅನುಸರಿಸಿ ಹಂತ ಹಂತವಾಗಿ ಮುಂದುವರಿಯಲಾಗುತ್ತದೆ.

ಮೊದಲನೆಯ ಹಂತ: ಪ್ರಜ್ಞೆ ಇಲ್ಲದ ಅಥವಾ ನಿದ್ರೆಯ ಔಷಧಿಯಲ್ಲಿರುವ ರೋಗಿಯ ಕೈಕಾಲುಗಳ ಕೀಲುಗಳನ್ನು ಫಿಸಿಯೋಥೆರಪಿಸ್ಟ್ ಅಥವಾ ಶುಶ್ರೂಷಕರು ನಿಧಾನವಾಗಿ ಆಡಿಸುವುದು ಮತ್ತು ಮಗ್ಗುಲು ಬದಲಿಸುವುದು.

ಎರಡನೆಯ ಹಂತ: ಎಚ್ಚರಗೊಂಡ ರೋಗಿಯು ತಾನೇ ಕೈ ಎತ್ತುವುದು, ಮೊಣಕಾಲು ಮಡಚುವುದು, ಪಾದ ಆಡಿಸುವುದು. ಸೌಲಭ್ಯವಿರುವಲ್ಲಿ ಮಲಗಿದಂತೆಯೇ ತುಳಿಯಬಹುದಾದ ಸೈಕಲ್ ಸಾಧನವನ್ನು ಬಳಸಲಾಗುತ್ತದೆ.

ಮೂರನೆಯ ಹಂತ: ಹಾಸಿಗೆಯ ಅಂಚಿನಲ್ಲಿ ಕಾಲು ಇಳಿಬಿಟ್ಟು ಕುಳಿತುಕೊಳ್ಳುವುದು.

ನಾಲ್ಕನೆಯ ಹಂತ: ಆಸರೆಯೊಂದಿಗೆ ನಿಲ್ಲುವುದು, ಕುರ್ಚಿಗೆ ಬರುವುದು, ನಿಂತಲ್ಲಿಯೇ ಹೆಜ್ಜೆ ಹಾಕುವುದು.

ಐದನೆಯ ಹಂತ: ಸಿಬ್ಬಂದಿಯ ನೆರವಿನಿಂದ ನಡೆಯುವುದು.

ಎಲ್ಲಾ ರೋಗಿಗಳೂ ಎಲ್ಲಾ ಹಂತಗಳನ್ನು ಘಟಕದಲ್ಲಿಯೇ ಪೂರೈಸಬೇಕೆಂದಿಲ್ಲ. ರೋಗಿಯು ಎಚ್ಚರವಾಗಿದ್ದರೆ ಮಾತ್ರ ಎರಡನೆಯ ಹಂತದಿಂದ ಮುಂದಕ್ಕೆ ಸಾಗಲು ಸಾಧ್ಯ. ಆದ್ದರಿಂದ ವೈದ್ಯರು ನಿದ್ರೆಯ ಔಷಧಿಯನ್ನು ಸಾಧ್ಯವಾದಷ್ಟು ತಗ್ಗಿಸಲು ಪ್ರಯತ್ನಿಸುತ್ತಾರೆ.

ಸುರಕ್ಷತೆಯ ಕ್ರಮಗಳು

ವ್ಯಾಯಾಮಕ್ಕೆ ಮುನ್ನ ಪ್ರತಿ ಬಾರಿಯೂ ರೋಗಿಯ ಸ್ಥಿತಿಯನ್ನು ಪರಿಶೀಲಿಸಲಾಗುತ್ತದೆ. 2014ರಲ್ಲಿ ಅಂತರರಾಷ್ಟ್ರೀಯ ತಜ್ಞರು ಹಸಿರು, ಹಳದಿ ಮತ್ತು ಕೆಂಪು ಸಂಕೇತಗಳ ಮಾರ್ಗದರ್ಶಿಯೊಂದನ್ನು ಪ್ರಕಟಿಸಿದರು. ಅದರಂತೆ ಬಾಯಿಯಲ್ಲಿ ಉಸಿರಾಟದ ಕೊಳವೆ ಇರುವುದಷ್ಟೇ ಚಲನೆಗೆ ಅಡ್ಡಿಯಾಗುವುದಿಲ್ಲ. ನೀಡುತ್ತಿರುವ ಆಮ್ಲಜನಕವು ಶೇ. 60ನ್ನು ಮೀರದೆ, ರಕ್ತದಲ್ಲಿನ ಆಮ್ಲಜನಕದ ಮಟ್ಟವು ಶೇ. 90 ಅಥವಾ ಹೆಚ್ಚಿದ್ದು, ಉಸಿರಾಟವು ನಿಮಿಷಕ್ಕೆ 30ನ್ನು ಮೀರದಿರುವುದು ಅನುಕೂಲಕರ ಲಕ್ಷಣಗಳಾಗಿವೆ.

ನಿಯಂತ್ರಣಕ್ಕೆ ಬಾರದ ರಕ್ತಸ್ರಾವ, ತೀರಾ ಅಸ್ಥಿರವಾದ ರಕ್ತದೊತ್ತಡ, ಹತೋಟಿಯಲ್ಲಿಲ್ಲದ ಅಪಸ್ಮಾರ, ಮೆದುಳಿನೊಳಗಿನ ಒತ್ತಡದ ಏರಿಕೆ, ಇನ್ನೂ ಭದ್ರಪಡಿಸದ ಬೆನ್ನುಮೂಳೆಯ ಮುರಿತ ಮುಂತಾದ ಸಂದರ್ಭಗಳಲ್ಲಿ ರೋಗಿಯನ್ನು ಹಾಸಿಗೆಯಿಂದ ಎಬ್ಬಿಸುವುದನ್ನು ಮುಂದೂಡಲಾಗುತ್ತದೆ. ಇಂತಹ ನಿರ್ಧಾರವನ್ನು ನಿರ್ಲಕ್ಷ್ಯವೆಂದು ಭಾವಿಸಬಾರದು.

ಪ್ರಯೋಜನಗಳು ಮತ್ತು ಮಿತಿಗಳು

ಅಮೆರಿಕದಲ್ಲಿ ವೆಂಟಿಲೇಟರ್ ನೆರವಿನಲ್ಲಿದ್ದ 104 ರೋಗಿಗಳ ಮೇಲೆ ನಡೆಸಿ 2009ರಲ್ಲಿ ಪ್ರಕಟಿಸಲಾದ ಅಧ್ಯಯನದಲ್ಲಿ, ನಿದ್ರೆಯ ಔಷಧಿಯನ್ನು ಪ್ರತಿದಿನ ನಿಲ್ಲಿಸಿ ಆರಂಭದಲ್ಲಿಯೇ ವ್ಯಾಯಾಮ ನೀಡಿದವರ ಪೈಕಿ ಶೇ. 59ರಷ್ಟು ಮಂದಿ ಬಿಡುಗಡೆಯ ವೇಳೆಗೆ ತಮ್ಮ ದೈನಂದಿನ ಕೆಲಸಗಳನ್ನು ಸ್ವತಂತ್ರವಾಗಿ ನಿರ್ವಹಿಸುವಂತಾಗಿದ್ದರು. ವಾಡಿಕೆಯ ಆರೈಕೆ ಪಡೆದವರಲ್ಲಿ ಈ ಪ್ರಮಾಣವು ಶೇ. 35ರಷ್ಟಿತ್ತು. ಸನ್ನಿಯ ಅವಧಿಯೂ ಸಾಮಾನ್ಯವಾಗಿ 4 ದಿನಗಳಿಂದ 2 ದಿನಗಳಿಗೆ ಇಳಿದಿತ್ತು.

ಆದರೆ ಹೆಚ್ಚು ವ್ಯಾಯಾಮದಿಂದ ಹೆಚ್ಚು ಲಾಭವೆಂದು ಭಾವಿಸುವಂತಿಲ್ಲ. 750 ರೋಗಿಗಳನ್ನು ಒಳಗೊಂಡು 2022ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಅಧ್ಯಯನದಲ್ಲಿ ಒಂದು ಗುಂಪಿಗೆ ದಿನಕ್ಕೆ ಸರಾಸರಿ ಸುಮಾರು 21 ನಿಮಿಷ, ಮತ್ತೊಂದು ಗುಂಪಿಗೆ ವಾಡಿಕೆಯಂತೆ ಸುಮಾರು 9 ನಿಮಿಷ ಸಕ್ರಿಯ ವ್ಯಾಯಾಮ ನೀಡಲಾಗಿತ್ತು. 180 ದಿನಗಳ ಅವಧಿಯಲ್ಲಿ ರೋಗಿಗಳು ಬದುಕಿದ್ದು ಆಸ್ಪತ್ರೆಯ ಹೊರಗೆ ಕಳೆದ ದಿನಗಳ ಸಂಖ್ಯೆಯಲ್ಲಿ ಗಮನಾರ್ಹ ವ್ಯತ್ಯಾಸ ಕಂಡುಬರಲಿಲ್ಲ. ಚಲನೆಯಿಂದ ಉಂಟಾಗಿರಬಹುದಾದ ಹೃದಯಬಡಿತ, ರಕ್ತದೊತ್ತಡ ಮುಂತಾದವುಗಳ ಏರುಪೇರು ಮೊದಲ ಗುಂಪಿನಲ್ಲಿ ಶೇ. 9.2 ಹಾಗೂ ಎರಡನೆಯದರಲ್ಲಿ ಶೇ. 4.1ರಷ್ಟು ರೋಗಿಗಳಲ್ಲಿ ಕಂಡುಬಂದಿತು. ಗಮನಿಸಬೇಕಾದುದೇನೆಂದರೆ, ವಾಡಿಕೆಯ ಆರೈಕೆ ಪಡೆದ ಗುಂಪಿಗೂ ವ್ಯಾಯಾಮವಿತ್ತು. ಆದ್ದರಿಂದ ರೋಗಿಯನ್ನು ಚಲನೆಯಿಲ್ಲದೆ ಮಲಗಿಸುವುದೂ ಸರಿಯಲ್ಲ, ಶಕ್ತಿ ಮೀರಿ ಒತ್ತಾಯಿಸುವುದೂ ಸರಿಯಲ್ಲ. ಪ್ರಮಾಣವನ್ನು ಚಿಕಿತ್ಸಾ ತಂಡವೇ ನಿರ್ಧರಿಸತಕ್ಕದ್ದು.

ಬಂಧುಗಳು ಮಾಡಬೇಕಾದುದು

1. ಕಾಯಿಲೆಗೆ ಮುನ್ನ ರೋಗಿಯು ಎಷ್ಟು ನಡೆಯುತ್ತಿದ್ದರು, ಯಾವ ಕೆಲಸ ಮಾಡುತ್ತಿದ್ದರು ಎಂಬುದನ್ನು ಸಿಬ್ಬಂದಿಗೆ ತಿಳಿಸುವುದು.
2. ಕನ್ನಡಕ, ಶ್ರವಣ ಸಾಧನ ಬಳಸುತ್ತಿದ್ದಲ್ಲಿ ಅವುಗಳನ್ನು ತಂದುಕೊಡುವುದು.
3. ಭೇಟಿಯ ಸಮಯದಲ್ಲಿ ದಿನ, ಸಮಯ, ಮನೆಯ ಸುದ್ದಿಗಳನ್ನು ಹೇಳಿ ಧೈರ್ಯ ತುಂಬುವುದು.
4. “ಇಂದು ಯಾವ ಹಂತದ ಚಲನೆ ನೀಡಲಾಯಿತು? ನೀಡದಿದ್ದಲ್ಲಿ ಕಾರಣವೇನು?” ಎಂದು ದಿನಕ್ಕೊಮ್ಮೆ ವಿಚಾರಿಸುವುದು.
5. ಸಿಬ್ಬಂದಿ ಕಲಿಸಿಕೊಟ್ಟು ಅನುಮತಿ ನೀಡಿದಲ್ಲಿ ಸರಳ ವ್ಯಾಯಾಮಗಳಿಗೆ ನೆರವಾಗುವುದು.

ಸಿಬ್ಬಂದಿಯ ಅನುಪಸ್ಥಿತಿಯಲ್ಲಿ ರೋಗಿಯನ್ನು ಎಬ್ಬಿಸಬಾರದು, ನಿಲ್ಲಿಸಬಾರದು ಹಾಗೂ ಬಾಯಿಗೆ ನೀರು ಅಥವಾ ಆಹಾರ ನೀಡಬಾರದು. ಕೊಳವೆ ಕಳಚಿದಲ್ಲಿ ಅಥವಾ ಬೀಳುವ ಸಂಭವವಾದಲ್ಲಿ ಪ್ರಾಣಾಪಾಯವಾಗಬಹುದು.

ಬಿಡುಗಡೆಯ ನಂತರ

ಆಯಾಸ, ನಡೆಯಲು ಕಷ್ಟ, ಮರೆವು, ನಿದ್ರಾಹೀನತೆ, ಭಯ ಮುಂತಾದವು ಅನೇಕ ತಿಂಗಳು ಉಳಿಯಬಹುದು. ಇದು ರೋಗಿಯ ಸೋಮಾರಿತನವಲ್ಲ, ತೀವ್ರ ಕಾಯಿಲೆಯ ಮುಂದುವರಿದ ಪರಿಣಾಮ. ಮನೆಯಲ್ಲಿ ಮಾಡಬೇಕಾದ ವ್ಯಾಯಾಮ, ಆಹಾರ ಕ್ರಮ ಹಾಗೂ ಮರುಪರೀಕ್ಷೆಯ ದಿನಾಂಕವನ್ನು ಬಿಡುಗಡೆ ಪತ್ರದಲ್ಲಿ ಬರೆದುಕೊಡುವಂತೆ ಕೋರಬೇಕು. ವ್ಯಾಯಾಮದ ವೇಳೆ ಎದೆನೋವು, ತೀವ್ರ ಉಸಿರಾಟದ ತೊಂದರೆ ಅಥವಾ ಪ್ರಜ್ಞೆ ತಪ್ಪಿದಂತಾದಲ್ಲಿ ಕೂಡಲೇ ನಿಲ್ಲಿಸಿ 108 ಆಂಬುಲೆನ್ಸ್ ಸೇವೆಗೆ ಕರೆ ಮಾಡುವುದು.

ದಾಖಲೆ ಮತ್ತು ಸೌಲಭ್ಯಗಳು

2018ರಲ್ಲಿ ಜಾರಿಗೆ ಬಂದ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಡಿ ದಾಖಲಾಗುವವರು ತಮ್ಮ ಚಿಕಿತ್ಸೆಗೆ ಅನ್ವಯವಾಗುವ ಸೌಲಭ್ಯಗಳ ಬಗ್ಗೆ ನೋಂದಾಯಿತ ಆಸ್ಪತ್ರೆಯಲ್ಲಿರುವ ಆರೋಗ್ಯಮಿತ್ರರನ್ನು ಸಂಪರ್ಕಿಸಬಹುದು. ಚಿಕಿತ್ಸಾ ದಾಖಲೆಗಳಿಗಾಗಿ ರೋಗಿ ಅಥವಾ ಅಧಿಕೃತ ಪ್ರತಿನಿಧಿಯು ಲಿಖಿತ ಕೋರಿಕೆ ಸಲ್ಲಿಸಿದಲ್ಲಿ, ವೈದ್ಯಕೀಯ ವೃತ್ತಿ ನಡವಳಿಕೆಯ 2002ರ ನಿಯಮಗಳಂತೆ 72 ಗಂಟೆಗಳೊಳಗೆ ಒದಗಿಸತಕ್ಕದ್ದು. ದೌರ್ಬಲ್ಯವು ಶಾಶ್ವತ ಅಂಗವಿಕಲತೆಯಾಗಿ ಉಳಿದಲ್ಲಿ, ಪ್ರಮಾಣಪತ್ರಕ್ಕೆ ಅರ್ಜಿ ಸಲ್ಲಿಸುವಾಗ ಈ ದಾಖಲೆಗಳು ಉಪಯುಕ್ತವಾಗುತ್ತವೆ. ಆದ್ದರಿಂದ ಬಿಡುಗಡೆ ಪತ್ರ ಹಾಗೂ ಫಿಸಿಯೋಥೆರಪಿ ವರದಿಗಳನ್ನು ಜೋಪಾನವಾಗಿ ಇರಿಸಿಕೊಳ್ಳುವುದು.

ವಿಶೇಷ ಸೂಚನೆ: ಇಲ್ಲಿ ನೀಡಿರುವ ವಿವರಗಳು ಸಾರ್ವಜನಿಕರ ತಿಳಿವಳಿಕೆಗಾಗಿ ಮಾತ್ರ. ಆಯಾ ರೋಗಿಗೆ ಸಂಬಂಧಿಸಿದಂತೆ ಚಿಕಿತ್ಸೆ ನೀಡುತ್ತಿರುವ ವೈದ್ಯರ ಸಲಹೆಯನ್ನು ಪಾಲಿಸತಕ್ಕದ್ದು.