ತೆರಕಣಾಂಬಿಯ ಮಗಳೂ ಐಚ್ಛಿಕ ಇಂಗ್ಲಿಷೂ

ತೆರಕಣಾಂಬಿಯಿಂದ ನಮ್ಮ ವಾಚಕ ಮಹಾಶಯರೊಬ್ಬರು ಬರೆದಿರುವ ಕಾಗದವೊಂದು ನಮ್ಮ ಮುಂದಿದೆ. ಬರೆದವರು ಅರಿಸಿನವನ್ನೂ ಸಣ್ಣ ಈರುಳ್ಳಿಯನ್ನೂ ಬೆಳೆಯುವ ರೈತರು. ಅವರ ಮಗಳು ಮೊದಲಿನಿಂದಲೂ ಕನ್ನಡ ಮಾಧ್ಯಮದಲ್ಲಿ ಓದಿ ದ್ವಿತೀಯ ಪಿ.ಯು.ಸಿ.ಯಲ್ಲಿ ತೇರ್ಗಡೆಯಾಗಿದ್ದಾಳೆ. ಬಿ.ಎ. ತರಗತಿಗೆ ಸೇರಿ ಇಂಗ್ಲಿಷನ್ನು ಐಚ್ಛಿಕ ವಿಷಯವಾಗಿ ಓದಬೇಕೆಂಬುದು ಅವಳ ಹಟ. ಮನೆಯಲ್ಲಿ ಮೂರು ಆಕ್ಷೇಪಣೆಗಳು ಹುಟ್ಟಿವೆ. ಇಂಗ್ಲಿಷು ಬೇಕಾದರೆ ಮೂರು ತಿಂಗಳ ‘ಸ್ಪೋಕನ್ ಇಂಗ್ಲಿಷ್’ ತರಗತಿ ಸಾಕು, ಅದಕ್ಕೆ ಮೂರು ವರ್ಷವೇಕೆ ಎಂಬುದು ಅವಳ ಸೋದರಮಾವನ ವಾದ. ಕನ್ನಡದಲ್ಲಿ ಓದಿದ ಕೂಸು ಅಲ್ಲಿ ನಪಾಸಾಗಿ ಬರುತ್ತದೆ ಎಂಬುದು ತಾಯಿಯ ಭಯ. ಮೂರನೆಯ ಆಕ್ಷೇಪಣೆ ಕಾಗದ ಬರೆದವರದೇ. ‘ಸ್ವಾಮಿ, ಕನ್ನಡ ಕನ್ನಡ ಎಂದು ನಿತ್ಯವೂ ಬರೆಯುವ ನೀವೇ ಹೇಳಿ. ನನ್ನ ಮಗಳು ಇಂಗ್ಲಿಷಿನವಳಾಗಿ ಹೋಗಲಿ ಎನ್ನುತ್ತೀರಾ?’ ಎಂದು ಅವರು ಕೇಳಿದ್ದಾರೆ.

ಪ್ರಶ್ನೆ ಸರಳವಾದುದಲ್ಲ. ಈ ಬೇಸಿಗೆಯಲ್ಲಿ ನಾಡಿನ ಎಷ್ಟೋ ಮನೆಗಳಲ್ಲಿ ಇದೇ ಮಾತು ನಡೆದಿರುವುದರಿಂದ ಉತ್ತರವನ್ನು ಕಾಗದದಲ್ಲಿ ಬರೆಯದೆ ಇಲ್ಲಿಯೇ ಬರೆಯುತ್ತೇವೆ.

ಮೊದಲು ಒಂದು ಭೇದವನ್ನು ತಿಳಿಯತಕ್ಕದ್ದು. ಪದವಿ ತರಗತಿಯಲ್ಲಿ ಇಂಗ್ಲಿಷು ಎರಡು ರೂಪದಲ್ಲಿ ಬರುತ್ತದೆ. ಭಾಷಾ ವಿಷಯವಾಗಿ ಬರುವ ಇಂಗ್ಲಿಷಿನ ಉದ್ದೇಶ ಓದುಬರಹದ ಪರಿಚಯ. ಐಚ್ಛಿಕ ಇಂಗ್ಲಿಷಾದರೋ ಸಾಹಿತ್ಯದ ವ್ಯಾಸಂಗ. ಷೇಕ್ಸ್‌ಪಿಯರನ ನಾಟಕ, ಕಾವ್ಯ, ಕಾದಂಬರಿ, ಆ ಸಾಹಿತ್ಯದ ಚರಿತ್ರೆ, ವಿಮರ್ಶೆಯ ತತ್ತ್ವಗಳು, ಭಾರತೀಯರು ಇಂಗ್ಲಿಷಿನಲ್ಲಿ ಬರೆದ ಕೃತಿಗಳು ಇವೆಲ್ಲ ಅದರೊಳಗೆ ಸೇರುತ್ತವೆ. ಸಂತೆಯಲ್ಲಿ ತಮಿಳು ಮಲೆಯಾಳಗಳನ್ನು ಆಡಿ ತರಕಾರಿ ಮಾರುವುದಕ್ಕೂ ತಮಿಳು ಕಾವ್ಯವನ್ನು ಓದಿ ಅರ್ಥಮಾಡಿಕೊಳ್ಳುವುದಕ್ಕೂ ಎಷ್ಟು ಅಂತರವೆಂಬುದು ಗುಂಡ್ಲುಪೇಟೆ ಸೀಮೆಯವರಿಗೆ ನಾವು ಹೇಳಿಕೊಡಬೇಕಾದುದಿಲ್ಲ. ಸೋದರಮಾವನ ಮೂರು ತಿಂಗಳ ತರಗತಿ ಮೊದಲನೆಯದನ್ನು ಕಲಿಸೀತು; ಎರಡನೆಯದನ್ನು ಕಲಿಸಲಾರದು.

ಈ ವ್ಯಾಸಂಗದ ಕ್ರಮವು ನಮ್ಮ ನಾಡಿನಲ್ಲಿ ಸ್ಥಿರವಾಗಿ ನಿಂತಿಲ್ಲ. 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವು ಹುಟ್ಟಿದ ಮೇಲೆ ಮಹಾರಾಜ ಕಾಲೇಜಿನ ಇಂಗ್ಲಿಷ್ ಆನರ್ಸ್ ತರಗತಿಗೆ ದೊಡ್ಡ ಹೆಸರಿತ್ತು. ಆ ಆನರ್ಸು ನಿಂತುಹೋಗಿ, ಮೂರು ಐಚ್ಛಿಕ ವಿಷಯಗಳ ಮೂರು ವರ್ಷದ ಬಿ.ಎ. ಬಹುಕಾಲ ನಡೆಯಿತು. ರಾಷ್ಟ್ರೀಯ ಶಿಕ್ಷಣ ನೀತಿಯನ್ನು ಅನುಸರಿಸಿ 2021-22ರಲ್ಲಿ ನಮ್ಮ ರಾಜ್ಯವು ನಾಲ್ಕು ವರ್ಷದ ಆನರ್ಸನ್ನು ಮತ್ತೆ ತಂದಿತು. ಮೂರನೆಯ ವರ್ಷದಲ್ಲಿ ಒಂದನ್ನು ಮುಖ್ಯ ವಿಷಯವಾಗಿಯೂ ಇನ್ನೊಂದನ್ನು ಉಪವಿಷಯವಾಗಿಯೂ ಆರಿಸಿಕೊಳ್ಳುವ ಏರ್ಪಾಟಾಯಿತು. ಪ್ರೊಫೆಸರ್ ಸುಖದೇವ್ ಥೋರಟ್ ಅವರ ಅಧ್ಯಕ್ಷತೆಯ ಆಯೋಗದ ಮಧ್ಯಂತರ ವರದಿ ಬಂದ ಮೇಲೆ 2024-25ರಿಂದ ಮೂರು ವರ್ಷದ ಪದವಿಗೇ ಮರಳಿದ್ದಾಯಿತು. ಅಷ್ಟರೊಳಗೆ ಸೇರಿದ್ದವರಿಗೆ ಹಿಂದಿನ ಕ್ರಮವೇ ಮುಂದುವರಿಯಿತು. ಮೂರು ವರ್ಷದ ಅವಧಿಯಲ್ಲಿ ಎರಡು ಸಲ ತಿರುವು! ಯಾವ ನೀತಿ ಮೇಲು, ಯಾವುದು ಕೀಳು ಎಂಬ ಚರ್ಚೆಗೆ ನಾವು ಇಂದು ಇಳಿಯುವುದಿಲ್ಲ. ಮೈಸೂರಿನ ವಿದ್ಯಾರ್ಥಿಗೆ ನಿಯಮ ಬದಲಾದರೆ ವಿಚಾರಿಸಲು ಹತ್ತು ಬಾಗಿಲುಗಳುಂಟು; ಬಸ್ಸು ಹಿಡಿದು ಗುಂಡ್ಲುಪೇಟೆಗೋ ಚಾಮರಾಜನಗರಕ್ಕೋ ಹೋಗಿ ಕಲಿಯುವ ತೆರಕಣಾಂಬಿಯ ಹುಡುಗಿಗೆ ಅವು ಇಲ್ಲ. ನೀತಿಯ ಗೊಂದಲಕ್ಕೆ ದಂಡ ತೆರುವವರು ಯಾವಾಗಲೂ ದೂರದ ಹಳ್ಳಿಯವರೇ. ಆದುದರಿಂದ ಪೋಷಕರು ಪದವಿಯ ಹೆಸರನ್ನು ಕೇಳುವುದಕ್ಕಿಂತ, ಈ ವರ್ಷ ಸೇರಿದವರು ಯಾವ ಯಾವ ಪತ್ರಿಕೆಗಳನ್ನು ಓದಬೇಕು, ಅವನ್ನು ಪಾಠಹೇಳಲು ಅಧ್ಯಾಪಕರು ಇದ್ದಾರೆಯೆ, ಪುಸ್ತಕಗಳು ಗ್ರಂಥಾಲಯದಲ್ಲಿವೆಯೆ ಎಂಬುದನ್ನು ಕೇಳಿಕೊಂಡು ಸೇರಿಸುವುದು ವಿವೇಕ.

ಇನ್ನು ಅನ್ನದ ಮಾತು. ಬರಿಯ ಬಿ.ಎ. ಇಂಗ್ಲಿಷು ತಾನಾಗಿ ಉದ್ಯೋಗವನ್ನು ತಂದುಕೊಡುತ್ತದೆಂದು ನಾವು ಹೇಳಿದರೆ ಅದು ವಂಚನೆಯಾದೀತು. ಪ್ರೌಢಶಾಲೆಯ ಉಪಾಧ್ಯಾಯಿನಿಯಾಗಬೇಕಾದರೆ ಅದರ ಮೇಲೆ ಬಿ.ಎಡ್. ಆಗಬೇಕು. ಕಾಲೇಜಿನಲ್ಲಿ ಪಾಠಹೇಳಬೇಕಾದರೆ ಎಂ.ಎ. ಆಗಬೇಕು, ಎನ್.ಇ.ಟಿ. ಅಥವಾ ಕೆ-ಸೆಟ್ ಪರೀಕ್ಷೆಯೂ ಆಗಬೇಕು. ದಾರಿ ನೀಳವಾದುದು. ಆದರೆ ಹಳ್ಳಿಯ ಶಾಲೆಗಳಲ್ಲಿ ಇಂಗ್ಲಿಷಿನ ಭಯವನ್ನು ಬಿಡಿಸಬಲ್ಲವರು, ಆ ಭಯವನ್ನು ತಾವೇ ಉಂಡು ಗೆದ್ದವರು. ಪಟ್ಟಣದಿಂದ ಬಂದು ವರ್ಗಾವಣೆಗೆ ಕಾಯುವ ಉಪಾಧ್ಯಾಯರಿಗಿಂತ ಊರಿನ ಮಗಳು ಪಾಠಹೇಳಿದರೆ ಮಕ್ಕಳಿಗೆ ಮೇಲು. ಮಾವನವರು ಇದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಲಿ.

ತಾಯಿಯ ಭಯ ನಿರಾಧಾರವಾದುದಲ್ಲ. ಕನ್ನಡ ಮಾಧ್ಯಮದಿಂದ ಬಂದ ವಿದ್ಯಾರ್ಥಿ ಮೊದಲ ವರ್ಷದಲ್ಲಿ ಮೂಲವನ್ನು ಓದಲಾರದೆ ಗೈಡನ್ನು ಕೊಳ್ಳುತ್ತಾನೆ, ಗೈಡಿನ ಉತ್ತರಗಳನ್ನು ಬಾಯಿಪಾಠ ಮಾಡುತ್ತಾನೆ, ತೇರ್ಗಡೆಯೂ ಆಗುತ್ತಾನೆ. ಮೂರು ವರ್ಷ ಕಳೆದು ಹೊರಬಂದಾಗ ಒಂದು ಪದ್ಯವನ್ನಾದರೂ ತಾನಾಗಿ ಓದಿ ಆನಂದಿಸಿರುವುದಿಲ್ಲ. ನಪಾಸಾಗುವುದಕ್ಕಿಂತ ಇದೇ ದೊಡ್ಡ ನಷ್ಟ. ಇದಕ್ಕೆ ಪರಿಹಾರವೇನು? ಅಧ್ಯಾಪಕರು ಕನ್ನಡದಲ್ಲಿ ವಿವರಿಸಲು ನಾಚಬಾರದು. ವಿದ್ಯಾರ್ಥಿ ಕನ್ನಡದಲ್ಲಿ ಯೋಚಿಸಲು ನಾಚಬಾರದು. ಕಂಸಾಳೆಯವರು ರಾತ್ರಿಯೆಲ್ಲ ಹಾಡುವ ಮಾದಪ್ಪನ ಕಥೆಯನ್ನು ಕೇಳಿ ಬೆಳೆದ ಮಗುವಿಗೆ ಮಹಾಕಾವ್ಯವೆಂದರೇನೆಂಬುದು ಆಗಲೇ ತಿಳಿದಿದೆ. ತಿಳಿಯದಿರುವುದು ಇಂಗ್ಲಿಷಿನ ಶಬ್ದಗಳು ಮಾತ್ರ. ಶಬ್ದಗಳನ್ನು ಕಲಿಯಬಹುದು.

ಈ ಮಾತನ್ನು ನಾವು ಅನುಭವದಿಂದ ಹೇಳುತ್ತಿದ್ದೇವೆ. ನಾವು ಪಾಠಶಾಲೆಯಲ್ಲಿ ಅಮರಕೋಶವನ್ನು ಉರುಹೊಡೆದು, ಮೆಟ್ರಿಕ್ ಮುಗಿಸಿ, ಕಾಲೇಜಿನ ಮೆಟ್ಟಿಲು ಹತ್ತದೆ ಅಚ್ಚಿನ ಮನೆಯನ್ನು ಸೇರಿದವರು. ಆರಂಭದ ದಿನಗಳಲ್ಲಿ ಟೆಲಿಪ್ರಿಂಟರಿನಲ್ಲಿ ಬಂದ ಇಂಗ್ಲಿಷ್ ಸುದ್ದಿಯನ್ನು ಕನ್ನಡಿಸುವ ಕೆಲಸ ನಮ್ಮ ಪಾಲಿಗೆ ಬಂದಿತ್ತು. ಶಾಸಕರೊಬ್ಬರು ‘ಫ್ಲೋರ್ ಕ್ರಾಸ್’ ಮಾಡಿದರೆಂದು ಒಂದು ದಿನ ಸುದ್ದಿ ಬಂತು. ನಿಘಂಟನ್ನು ನೋಡಿ, ‘ಮಾನ್ಯ ಸದಸ್ಯರು ಸಭಾಂಗಣದ ನೆಲವನ್ನು ದಾಟಿದರು’ ಎಂದು ಬರೆದೆವು. ಅವರು ತಮ್ಮ ಪಕ್ಷವನ್ನು ತ್ಯಜಿಸಿ ಎದುರು ಪಕ್ಷವನ್ನು ಸೇರಿದ್ದರು! ಮರುದಿನ ಊರೆಲ್ಲ ನಕ್ಕಿತು. ಶಬ್ದಕೋಶವು ಶಬ್ದವನ್ನು ಕೊಟ್ಟಿತೇ ಹೊರತು ಆ ಶಬ್ದದ ಹಿಂದಿದ್ದ ಜನಜೀವನವನ್ನು ಕೊಡಲಿಲ್ಲ. ಆ ಜೀವನವನ್ನು ತಿಳಿಸುವುದು ಸಾಹಿತ್ಯ. ಅದನ್ನು ಕ್ರಮವಾಗಿ ಓದುವ ಭಾಗ್ಯ ನಮಗೆ ಲಭಿಸಲಿಲ್ಲವೆಂಬ ಕೊರಗು ಇಂದಿಗೂ ನಮಗಿದೆ.

ಈಗ ನಮ್ಮ ವಾಚಕರ ಆಕ್ಷೇಪಣೆಗೆ ಬರೋಣ. ಇಂಗ್ಲಿಷನ್ನು ಓದುವುದು ಕನ್ನಡಕ್ಕೆ ದ್ರೋಹವೆ?

ತೆರಕಣಾಂಬಿಯವರು ಈ ಪ್ರಶ್ನೆಯನ್ನು ತಮ್ಮ ಊರಿನ ಕವಿಯನ್ನೇ ಕೇಳಬಹುದು. ಸುಮಾರು 1485ರ ಕಾಲದಲ್ಲಿ ಆ ಊರಿನ ಹೆಸರನ್ನು ತನ್ನ ಹೆಸರಿನೊಡನೆ ಧರಿಸಿದ ಬೊಮ್ಮರಸನೆಂಬ ಜೈನ ಕವಿಯಿದ್ದನು. ಸನತ್ಕುಮಾರ ಚರಿತೆ, ಜೀವಂಧರ ಸಾಂಗತ್ಯಗಳು ಅವನ ಕೃತಿಗಳು. ಜೀವಂಧರನ ಕಥೆ ಸಂಸ್ಕೃತದಲ್ಲಿ ವಾದೀಭಸಿಂಹನ ಕ್ಷತ್ರಚೂಡಾಮಣಿಯಿಂದಲೂ ತಮಿಳಿನಲ್ಲಿ ತಿರುತ್ತಕ್ಕದೇವರ ಜೀವಕಚಿಂತಾಮಣಿಯಿಂದಲೂ ಪ್ರಸಿದ್ಧವಾದುದು. 1424ರಲ್ಲಿ ಭಾಸ್ಕರನು ಅದನ್ನು ಕನ್ನಡ ಷಟ್ಪದಿಗೆ ತಂದನು; ಬಳಿಕ ಬೊಮ್ಮರಸನು ಹಾಡಿಗೆ ಒಗ್ಗುವ ಸಾಂಗತ್ಯಕ್ಕೆ ತಂದನು. ಹೊರಗಿನ ಭಾಷೆಗಳಲ್ಲಿ ಬೆಳಗಿದ ಕಥೆಯನ್ನು ಮನೆಯ ಮಟ್ಟಿಗೆ ಇಳಿಸಿದವನನ್ನು ನಾವು ಕನ್ನಡ ಕವಿಯೆಂದೇ ಕರೆಯುತ್ತೇವಲ್ಲವೆ?

ನಮ್ಮ ಕಾಲಕ್ಕೆ ಹತ್ತಿರ ಬಂದರೂ ಇದೇ ಸಂಗತಿ. 1911ರಲ್ಲಿ ಧಾರವಾಡದ ವಿದ್ಯಾವರ್ಧಕ ಸಂಘದಲ್ಲಿ ನಿಂತು ಕನ್ನಡವು ತಲೆಯೆತ್ತುವ ಬಗೆಯನ್ನು ಹೇಳಿದ ಬಿ. ಎಂ. ಶ್ರೀಕಂಠಯ್ಯನವರು ಮಹಾರಾಜ ಕಾಲೇಜಿನಲ್ಲಿ ಕಲಿಸುತ್ತಿದ್ದುದು ಇಂಗ್ಲಿಷನ್ನು. 1926ರಲ್ಲಿ ಅವರ ‘ಇಂಗ್ಲಿಷ್ ಗೀತಗಳು’ ಪ್ರಕಟವಾದಾಗ ಕನ್ನಡ ಕಾವ್ಯಕ್ಕೆ ಹೊಸ ನಡೆ ಬಂದಿತು. ಇಂಗ್ಲಿಷಿನಲ್ಲಿಯೇ ಕವಿಯಾಗಹೊರಟಿದ್ದ ತರುಣ ಕುವೆಂಪು ಅವರಿಗೆ ಮಾತೃಭಾಷೆಯಲ್ಲಿ ಬರೆಯಿರೆಂದು 1924ರಲ್ಲಿ ಬುದ್ಧಿ ಹೇಳಿದವರು ಐರಿಷ್ ಕವಿ ಜೇಮ್ಸ್ ಕಸಿನ್ಸ್. 1965ರಲ್ಲಿ ‘ಸಂಸ್ಕಾರ’ವನ್ನು ಬರೆದ ಯು. ಆರ್. ಅನಂತಮೂರ್ತಿಯವರೂ, 1973ರಲ್ಲಿ ಶಿವಶರಣರ ವಚನಗಳನ್ನು ಇಂಗ್ಲಿಷಿನಲ್ಲಿ ಲೋಕದ ಮುಂದಿಟ್ಟು, 1976ರಲ್ಲಿ ‘ಸಂಸ್ಕಾರ’ವನ್ನೂ ಅನುವಾದಿಸಿದ ಎ. ಕೆ. ರಾಮಾನುಜನ್ನರೂ ಮೈಸೂರಿನಲ್ಲಿ ಇಂಗ್ಲಿಷ್ ಸಾಹಿತ್ಯವನ್ನೇ ಓದಿದವರು. ಇವರು ಇಂಗ್ಲಿಷನ್ನು ಕಲಿತುದರಿಂದ ಕನ್ನಡಕ್ಕೆ ಯಾವ ನಷ್ಟವಾಯಿತು?

ಶ್ರೀಕಂಠಯ್ಯನವರ ಕಾಲದ ಕೆಲಸ ಹೊರಗಿನದನ್ನು ಒಳಕ್ಕೆ ತರುವುದಾಗಿತ್ತು. ಇಂದಿನ ಕೆಲಸ ಒಳಗಿನದನ್ನು ಹೊರಕ್ಕೆ ಒಯ್ಯುವುದೂ ಹೌದು. ಮಲೆ ಮಾದೇಶ್ವರನ ಜನಪದ ಮಹಾಕಾವ್ಯವನ್ನು ಸಿ. ಎನ್. ರಾಮಚಂದ್ರನ್ ಮತ್ತು ಎಲ್. ಎನ್. ಭಟ್ಟರು ಇಂಗ್ಲಿಷಿಗೆ ಅನುವಾದಿಸಿದರು. ಅದನ್ನು ಸಾಹಿತ್ಯ ಅಕಾಡೆಮಿಯು 2001ರಲ್ಲಿ ಪ್ರಕಟಿಸಿತು. ನಂಜನಗೂಡು-ಚಾಮರಾಜನಗರಗಳ ಕಡೆಯ ಆಡುಮಾತಿನ ಸೊಗಡಿನಲ್ಲಿ ದೇವನೂರ ಮಹಾದೇವ ಅವರು ಬರೆದ ‘ಕುಸುಮಬಾಲೆ’ಯನ್ನು ಸೂಸನ್ ಡೇನಿಯಲ್ ಅವರು ಅನುವಾದಿಸಿ 2015ರಲ್ಲಿ ಹೊರತಂದರು. 2025ರ ಮೇ ತಿಂಗಳಲ್ಲಿ ಬಾನು ಮುಷ್ತಾಕ್ ಅವರ ಕಥೆಗಳ ಅನುವಾದಕ್ಕೆ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂದಾಗ, 50,000 ಪೌಂಡುಗಳ ಆ ಬಹುಮಾನ ಲೇಖಕಿಗೂ ಅನುವಾದಕಿ ದೀಪಾ ಭಸ್ತಿಯವರಿಗೂ ಸಮಪಾಲಾಗಿ ಹಂಚಿಕೆಯಾಯಿತು. ಕನ್ನಡಕ್ಕೆ ಅದು ಮೊದಲನೆಯ ಬೂಕರ್. ಅನುವಾದಕರನ್ನು ಕೇವಲ ಲಿಪಿಕಾರರಂತೆ ಕಾಣುವ ಕಾಲ ಕಳೆಯಿತೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ಈ ಕೆಲಸಕ್ಕೆ ಬೇಕಾದ ಅರ್ಹತೆಗಳು ಎರಡು. ಒಂದು, ಇಂಗ್ಲಿಷಿನ ಸೂಕ್ಷ್ಮ ಜ್ಞಾನ. ಇನ್ನೊಂದು, ಕನ್ನಡದ, ಅದರಲ್ಲಿಯೂ ಊರಮಾತಿನ, ಹುಟ್ಟರಿವು. ಮೊದಲನೆಯದನ್ನು ಕಾಲೇಜು ಕೊಡಬಲ್ಲದು. ಎರಡನೆಯದನ್ನು ಯಾವ ಕಾಲೇಜೂ ಕೊಡಲಾರದು. ನಗರದಲ್ಲಿ ಇಂಗ್ಲಿಷಿನಲ್ಲಿಯೇ ಬೆಳೆದ ಮಕ್ಕಳಿಗೆ ದುರ್ಲಭವಾದ ಆ ಧನವು ತೆರಕಣಾಂಬಿಯ ಹುಡುಗಿಗೆ ತಾಯಿಯ ಮಡಿಲಿನಲ್ಲಿಯೇ ದೊರೆತಿದೆ. ಹಿತ್ತಲ ಗಿಡ ಮದ್ದಲ್ಲವೆಂದು ಅವಳು ಅದನ್ನು ಕಾಲೇಜಿನ ಬಾಗಿಲಲ್ಲಿ ಬಿಟ್ಟುಹೋಗದಿದ್ದರೆ ಸಾಕು.

ಬಿಟ್ಟುಹೋಗುವ ಅಪಾಯ ಉಂಟೆಂಬುದನ್ನು ನಾವು ಮರೆಮಾಚುವುದಿಲ್ಲ. ನಾಲ್ಕು ಇಂಗ್ಲಿಷ್ ಮಾತು ಬಂದೊಡನೆ ತಂದೆತಾಯಿಗಳ ನುಡಿಗೆ ಮುಖ ಸಿಂಡರಿಸುವ ವಿದ್ಯಾವಂತರನ್ನು ನಾವು ಕಂಡಿದ್ದೇವೆ. ಅಂಥವರಿಂದ ನಾಡಿಗೂ ಸುಖವಿಲ್ಲ, ಇಂಗ್ಲಿಷ್ ಸಾಹಿತ್ಯಕ್ಕೂ ಗೌರವವಿಲ್ಲ. ಅದಕ್ಕಾಗಿ ನಾವು ಎರಡು ಬೇಡಿಕೆಗಳನ್ನು ಅಧಿಕಾರಸ್ಥರ ಮುಂದಿಡುತ್ತೇವೆ. ಐಚ್ಛಿಕ ಇಂಗ್ಲಿಷನ್ನು ಓದುವ ಪ್ರತಿ ವಿದ್ಯಾರ್ಥಿಗೂ ಇಂಗ್ಲಿಷಿನಿಂದ ಕನ್ನಡಕ್ಕೂ ಕನ್ನಡದಿಂದ ಇಂಗ್ಲಿಷಿಗೂ ಅನುವಾದ ಮಾಡುವ ಒಂದು ಪತ್ರಿಕೆಯನ್ನು ಕಡ್ಡಾಯ ಮಾಡಲಿ. ತಾಲ್ಲೂಕಿನ ಕಾಲೇಜುಗಳಿಗೆ ಖಾಯಂ ಅಧ್ಯಾಪಕರನ್ನೂ ಮೂಲ ಗ್ರಂಥಗಳನ್ನೂ ಒದಗಿಸಲಿ. ಮೂರು ನಾಲ್ಕು ವರ್ಷಕ್ಕೊಮ್ಮೆ ಪದವಿಯ ಚೌಕಟ್ಟನ್ನು ಬದಲಿಸುವುದಕ್ಕಿಂತ ಅದು ಶ್ರೇಯಸ್ಕರ.

ಇನ್ನೊಂದು ಮಾತುಂಟು. ಗುಂಡ್ಲುಪೇಟೆ ತಾಲ್ಲೂಕಿನ ಶಿಲಾಶಾಸನಗಳನ್ನು ಬಿ. ಎಲ್. ರೈಸರು ಎಪಿಗ್ರಾಫಿಯಾ ಕರ್ನಾಟಿಕಾದ ನಾಲ್ಕನೆಯ ಸಂಪುಟದಲ್ಲಿ 1898ರಲ್ಲಿ ಪ್ರಕಟಿಸಿದರು. ನಮ್ಮ ಕಲ್ಲುಗಳ ಮೇಲಿನ ನಮ್ಮ ಮಾತನ್ನು ದೂರದೇಶದವರ ಮಗನೊಬ್ಬನು ಕಲಿತು ಓದಿ, ತನ್ನವರಿಗೆ ಅರ್ಥವಾಗುವಂತೆ ಇಂಗ್ಲಿಷಿನಲ್ಲಿ ಬರೆದನು. ಪರಭಾಷೆಯನ್ನು ಕಲಿತುದರಿಂದ ಅವನು ಇಂಗ್ಲಿಷಿನವನಾಗಿ ಉಳಿಯದೆ ಹೋದನೆ? ನಮ್ಮ ಮಗಳು ಅವರ ಕಾವ್ಯವನ್ನು ಕಲಿತು ಓದಿದರೆ ಕನ್ನಡದವಳಾಗಿ ಉಳಿಯದೆ ಹೋಗುವಳೆ?

ಆದುದರಿಂದ, ತೆರಕಣಾಂಬಿಯ ನಮ್ಮ ಮಿತ್ರರೇ, ಮಗಳನ್ನು ಕಳುಹಿಸಿರಿ. ಇಂಗ್ಲಿಷಿನ ಜೊತೆಗೆ ಕನ್ನಡವನ್ನೂ ಬಿಡದೆ ಓದುವಂತೆ ಹೇಳಿರಿ. ಗೈಡನ್ನು ಕೊಡಿಸಬೇಡಿರಿ, ಒಂದು ಒಳ್ಳೆಯ ನಿಘಂಟನ್ನು ಕೊಡಿಸಿರಿ. ರಜೆಯಲ್ಲಿ ಮನೆಗೆ ಬಂದಾಗ, ಆ ವರ್ಷ ಓದಿದ ಕಥೆಗಳಲ್ಲಿ ಒಂದನ್ನು ಅಜ್ಜಿಗೆ ತಿಳಿಯುವ ಕನ್ನಡದಲ್ಲಿ ಹೇಳೆಂದು ಕೇಳಿರಿ. ಅವಳು ಹೇಳಬಲ್ಲವಳಾದರೆ ಓದು ಸಾರ್ಥಕವಾಯಿತೆಂದು ತಿಳಿಯಿರಿ. ಅದನ್ನು ಬರೆದು ನಮಗೆ ಕಳುಹಿಸಿದರೆ ಈ ಪುಟದಲ್ಲಿ ಸಂತೋಷದಿಂದ ಅಚ್ಚುಮಾಡುತ್ತೇವೆ.